ಒಂದೇ ಪೆಟ್ರೋಲು, ಎರಡು ಯಂತ್ರ

ಕಳೆದ ದಸರೆಯ ರಜೆಯಲ್ಲಿ ನಮ್ಮ ಭಾವನವರು ಬೆಂಗಳೂರಿನಿಂದ ಹಾಸನಕ್ಕೆ ಬಂದಾಗ ಅವರ ಕೈಯಲ್ಲಿ ಎರಡು ಬಣ್ಣದ ಪುಸ್ತಿಕೆಗಳಿದ್ದುವು. ಅವುಗಳ ಮೇಲಿನ ಕಾರಿನ ಚಿತ್ರ ಒಂದೇ. ಆದರೆ ಒಂದರಲ್ಲಿ ಬರೆದಿದ್ದುದು ಪೆಟ್ರೋಲ್ ಕಾರಿನ ವಿಷಯ, ಇನ್ನೊಂದರಲ್ಲಿ ಹೈಬ್ರಿಡ್ ಕಾರಿನ ವಿಷಯ. ಊಟವಾದ ಮೇಲೆ ಎರಡನ್ನೂ ನನ್ನ ಮುಂದಿಟ್ಟು, "ನೀನು ಹುಡುಗರಿಗೆ ಭೌತಶಾಸ್ತ್ರ ಹೇಳುವವನು. ಇವೆರಡರಲ್ಲಿ ಯಾವುದನ್ನು ಕೊಳ್ಳಲಪ್ಪಾ? ಒಂದೇ ಮಾತಿನಲ್ಲಿ ಹೇಳಿಬಿಡು" ಎಂದರು.

ಒಂದೇ ಮಾತಿನಲ್ಲಿ ಹೇಳುವ ಪ್ರಶ್ನೆ ಇದಲ್ಲ. ಭಾವನವರಿಗೆ ಐವತ್ತೆರಡು ವಯಸ್ಸು. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಲು ಇನ್ನು ಎಂಟು ವರ್ಷ. ಮಗಳು ಎರಡನೆಯ ಪಿ.ಯು.ಸಿ.ಯಲ್ಲಿದ್ದಾಳೆ. ಎರಡು ಕಾರುಗಳ ಬೆಲೆಯ ಅಂತರ ಸುಮಾರು ಎರಡೂವರೆ ಲಕ್ಷ ರೂಪಾಯಿ. ರಸ್ತೆ ತೆರಿಗೆ, ವಿಮೆಗಳೂ ಬೆಲೆಗೆ ತಕ್ಕಂತೆ ಏರುವುದರಿಂದ ಕೊನೆಗೆ ಅದು ಮೂರು ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ. ಮಗಳು ಇಂಜಿನಿಯರಿಂಗ್ ಸೇರುವ ವರ್ಷದಲ್ಲಿ ಮೂರು ಲಕ್ಷವೆಂಬುದು ಸಣ್ಣ ಮೊತ್ತವಲ್ಲ. ಆದ್ದರಿಂದ ನಾನು ಕಾಗದ, ಪೆನ್ಸಿಲು ತಂದು ಕುಳಿತೆ. ಅಂದು ನಾವು ಮಾಡಿದ ಲೆಕ್ಕ ವಾಚಕರಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಹೈಬ್ರಿಡ್ ಎಂಬ ಶಬ್ದ ನಮ್ಮ ರೈತರಿಗೆ ಹೊಸದಲ್ಲ. ಜೋಳದಲ್ಲಿ ಹೈಬ್ರಿಡ್ ಉಂಟು, ಟೊಮೇಟೊದಲ್ಲಿ ಉಂಟು. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹತ್ತಿ ಎರಡು ಬೇರೆ ಬೇರೆ ಜಾತಿಯ ಹತ್ತಿಗಳ ಸಂಕರವೇ. ಮೋಟಾರಿನಲ್ಲಿ ಸಂಕರವೆಂದರೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಒಂದೇ ಗಾಡಿಯನ್ನು ಎಳೆಯುವುದು. ಇದೂ ಹಳೆಯ ಆಲೋಚನೆಯೇ. ಫರ್ಡಿನಾಂಡ್ ಪೋರ್ಷೆಯವರು 1900ರ ಸುಮಾರಿನಲ್ಲಿಯೇ ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿ ಇಂತಹ ಗಾಡಿಯೊಂದನ್ನು ಕಟ್ಟಿದ್ದರು. ಆದರೆ ಸಾಮಾನ್ಯ ಜನರು ಕೊಳ್ಳುವಂತಹ ಹೈಬ್ರಿಡ್ ಕಾರು ಬರಲು ಸುಮಾರು ನೂರು ವರ್ಷ ಹಿಡಿಯಿತು. ಟೊಯೋಟಾದ ಪ್ರಿಯುಸ್ 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. 2022ರಲ್ಲಿ ಅಲ್ಲಿಂದಲೇ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎಂಬ ಅವಳಿಗಳು ಹೊರಬಂದುವು. ತಟ್ಟೆ ಇಡ್ಲಿಗೆ ಹೆಸರಾದ ಊರಿನಿಂದ ಹೈಬ್ರಿಡ್ ಕಾರುಗಳೂ ದೇಶದ ಉದ್ದಗಲಕ್ಕೆ ಹೋಗುತ್ತಿವೆ. ಭಾವನವರ ಪುಸ್ತಿಕೆಗಳು ಈ ಅವಳಿಗಳಲ್ಲಿ ಒಂದಕ್ಕೆ ಸೇರಿದ್ದುವು.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಕಾರಿನ ಬೆನ್ನಿಗೆ ಹೈಬ್ರಿಡ್ ಎಂಬ ಫಲಕವಿದ್ದ ಮಾತ್ರಕ್ಕೆ ಅದು ಪೂರ್ಣ ಹೈಬ್ರಿಡ್ ಆಗಲಾರದು. ಈ ಅವಳಿಗಳ ಪೆಟ್ರೋಲ್ ಮಾದರಿಯಲ್ಲಿಯೂ ಒಂದು ಸಣ್ಣ ವಿದ್ಯುತ್ ಯಂತ್ರವಿದೆ. ಅದು ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಸಿದ್ದು; ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಹೊರಡಿಸುತ್ತದೆ, ಹೊರಡುವಾಗ ತುಸು ಭುಜ ಕೊಡುತ್ತದೆ. ತಾನೊಂದೇ ಕಾರನ್ನು ಒಂದು ಮಾರು ದೂರವೂ ಎಳೆಯಲಾರದು. ಇದಕ್ಕೆ ಮೈಲ್ಡ್ ಹೈಬ್ರಿಡ್ ಎಂದು ಹೆಸರು. ನನ್ನ ದೃಷ್ಟಿಯಲ್ಲಿ ಇದು ಪೆಟ್ರೋಲ್ ಕಾರೇ. ಇನ್ನೊಂದರಲ್ಲಿ ಸುಮಾರು 80 ಅಶ್ವಶಕ್ತಿಯ ವಿದ್ಯುತ್ ಮೋಟಾರು ಇದ್ದು, ಎಂಜಿನ್ ಮಲಗಿರುವಾಗಲೂ ಕಾರು ಓಡಬಲ್ಲುದು. ಮುಂದೆ ಹೈಬ್ರಿಡ್ ಎಂದಲ್ಲೆಲ್ಲ ಈ ಎರಡನೆಯದನ್ನೇ ತಿಳಿಯತಕ್ಕದ್ದು.

ಸರ್ಕಾರಿ ಮಾನ್ಯತೆಯ ಪರೀಕ್ಷೆಯಲ್ಲಿ ಹೈಬ್ರಿಡ್ ಗ್ರ್ಯಾಂಡ್ ವಿಟಾರಾ ಲೀಟರಿಗೆ 27.97 ಕಿಲೋಮೀಟರ್ ಓಡಿತೆಂದೂ, ಅದರ ಆಟೋಮ್ಯಾಟಿಕ್ ಪೆಟ್ರೋಲ್ ಸೋದರಿ 20.58 ಕಿಲೋಮೀಟರ್ ಓಡಿತೆಂದೂ ಪ್ರಕಟವಾಯಿತು. ಒಂದೇ ಪೆಟ್ರೋಲು ಎರಡು ಕಡೆ ಇಷ್ಟು ಬೇರೆ ಬೇರೆ ಕೆಲಸ ಮಾಡುವುದು ಹೇಗೆ?

ಭಾವನವರಿಗೆ ಕಾರಿನಂಗಡಿಯ ತರುಣನೊಬ್ಬನು, "ಸಾರ್, ಊರೊಳಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ಗಾಡಿ ಕರೆಂಟಿನಲ್ಲೇ ಓಡುತ್ತದೆ, ಅಷ್ಟು ಓಟ ನಿಮಗೆ ಪುಕ್ಕಟೆ" ಎಂದಿದ್ದನಂತೆ. ಅವನ ಮಾತಿನ ಮೊದಲ ಭಾಗ ನಿಜವಿರಬಹುದು. ಎರಡನೆಯ ಭಾಗ ಶಕ್ತಿಯ ನಿತ್ಯತ್ವ ನಿಯಮಕ್ಕೆ ವಿರುದ್ಧ. ಈ ಕಾರಿಗೆ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ತುಂಬುವ ಏರ್ಪಾಡೇ ಇಲ್ಲ. ಅದರೊಳಗೆ ಹರಿಯುವ ಒಂದೊಂದು ಹನಿ ವಿದ್ಯುತ್ತೂ ಒಂದು ಕಾಲದಲ್ಲಿ ಪೆಟ್ರೋಲೇ ಆಗಿತ್ತು. ಹೈಬ್ರಿಡ್ ಯಾವ ಶಕ್ತಿಯನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ. ಪೋಲಾಗುವುದನ್ನು ತಡೆಯುತ್ತದೆ, ಅಷ್ಟೆ. ಹಾಗಾದರೆ ಪೋಲು ಎಲ್ಲಿ ಆಗುತ್ತದೆ ಎಂಬುದನ್ನು ನೋಡೋಣ.

ಇಬ್ಬರು ಕುಳಿತ ಈ ಕಾರಿನ ತೂಕ ಸುಮಾರು 1,400 ಕಿಲೋಗ್ರಾಮ್. ಅದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 49 ಸಾವಿರ ಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದಿರೆನ್ನಿ. ಆ ಶಕ್ತಿಯೆಲ್ಲ ಬ್ರೇಕಿನ ತಟ್ಟೆಯಲ್ಲಿ ಶಾಖವಾಗಿ ಗಾಳಿಗೆ ಸೇರಿತು. ಮತ್ತೆ ಅದೇ ವೇಗಕ್ಕೆ ಬರಲು ಅಷ್ಟನ್ನೂ ಪೆಟ್ರೋಲಿನಿಂದ ಪಡೆಯಬೇಕು. ಎಂಜಿನ್ನು ಪೆಟ್ರೋಲಿನ ಶಾಖದಲ್ಲಿ ಕಾಲು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತದೆಂದು ಹಿಡಿದರೆ, ಸುಮಾರು ಎರಡು ಲಕ್ಷ ಜೂಲ್ ಶಾಖ ಬೇಕಾಯಿತು. ಐದರಲ್ಲೊಂದು ಪಾಲು ಎಥನಾಲ್ ಬೆರೆತ ಈಗಿನ ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು ಮೂರು ಕೋಟಿ ಜೂಲ್ ಶಾಖವಿದೆ. ಭಾಗಿಸಿ ನೋಡಿ: ಒಂದು ನಿಲುಗಡೆಯ ಬೆಲೆ ಆರೂವರೆ ಮಿಲಿಲೀಟರ್, ಅಂದರೆ ಟೀ ಚಮಚೆಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು.

"ಒಂದು ಚಮಚೆಗೆ ಇಷ್ಟು ಲೆಕ್ಕವೇ?" ಎಂದು ನಮ್ಮ ಅಕ್ಕ ನಕ್ಕಳು. ನಾನು ಅವಳಿಗೆ ಒಂದು ಕೆಲಸ ಒಪ್ಪಿಸಿದೆ. ಊರಿಗೆ ಹಿಂದಿರುಗಿದ ಮೇಲೆ ಒಂದು ದಿನ ಭಾವನವರ ಜೊತೆ ಕಾರಿನಲ್ಲಿ ಕೆಂಗೇರಿಯಿಂದ ಇಂದಿರಾನಗರದ ಅವರ ಕಚೇರಿಯವರೆಗೆ ಹೋಗಿ, ಸಂಜೆ ಅವರೊಡನೆಯೇ ಮರಳಿ, ಎಷ್ಟು ಸಲ ಗಾಡಿ ನಿಂತಿತೆಂದು ಎಣಿಸಬೇಕು. ಅಕ್ಕ ಎರಡು ಡಬ್ಬಿ ಇಟ್ಟುಕೊಂಡು, ನಿಂತಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ಹುಣಿಸೆಬೀಜ ಹಾಕುತ್ತ ಹೋದಳಂತೆ. ಹೋಗುವಾಗ 43, ಬರುವಾಗ 58. ಒಟ್ಟು ನೂರೊಂದು ಬೀಜ! ನೂರೊಂದು ನಿಲುಗಡೆಗೆ ಸುಮಾರು 650 ಮಿಲಿಲೀಟರ್ ಪೆಟ್ರೋಲು ಬ್ರೇಕಿನಲ್ಲಿ ಬೆಂದುಹೋಯಿತು. ಅವರ ದಿನದ 40 ಕಿಲೋಮೀಟರ್ ಓಟಕ್ಕೆ ಬೇಕಾಗುವ ಪೆಟ್ರೋಲಿನಲ್ಲಿ ಇದು ಐದನೆಯ ಒಂದು ಪಾಲು.

ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೊದಲು ಆಗುವ ಕೆಲಸವೇ ಬೇರೆ. ಚಕ್ರವನ್ನು ತಿರುಗಿಸುತ್ತಿದ್ದ ಮೋಟಾರು ಈಗ ಚಕ್ರದಿಂದಲೇ ತಿರುಗಿಸಲ್ಪಟ್ಟು ಡೈನಮೋ ಆಗುತ್ತದೆ. ಸೈಕಲ್ಲಿನ ದೀಪದ ಡೈನಮೋವನ್ನು ಟೈರಿಗೆ ತಾಗಿಸಿದೊಡನೆ ತುಳಿಯುವುದು ಭಾರವಾಗುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಅದೇ ಭಾರ ಇಲ್ಲಿ ಗಾಡಿಯನ್ನು ತಡೆಯುತ್ತದೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ. ಪೂರ್ತಿ ಹಿಂದೆ ಬರುತ್ತದೆಯೇ? ಇಲ್ಲ. ಚಕ್ರದಿಂದ ಡೈನಮೋ, ಡೈನಮೋದಿಂದ ಬ್ಯಾಟರಿ, ಬ್ಯಾಟರಿಯಿಂದ ಮೋಟಾರು, ಮೋಟಾರಿನಿಂದ ಮತ್ತೆ ಚಕ್ರ. ಈ ನಾಲ್ಕು ಕೈ ದಾಟುವಾಗ ಒಂದೊಂದರಲ್ಲಿ ಹತ್ತನೆಯ ಒಂದು ಪಾಲು ಸೋರಿದರೂ ಕೊನೆಗೆ ಉಳಿಯುವುದು ನೂರಕ್ಕೆ 66 ಮಾತ್ರ. ನೂರಕ್ಕೆ ಸೊನ್ನೆಗಿಂತ ಅದು ಎಷ್ಟೋ ಮೇಲಲ್ಲವೆ?

ಆದರೆ ಉಳಿತಾಯದ ದೊಡ್ಡ ಪಾಲು ಬರುವುದು ಬ್ರೇಕಿನಿಂದಲ್ಲ. ಇದನ್ನು ಬಹು ಮಂದಿ ಗಮನಿಸಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಒಂದು ವಿಚಿತ್ರ ಸ್ವಭಾವವಿದೆ. ಸಣ್ಣ ಕೆಲಸ ಕೊಟ್ಟರೆ ಅದು ಕೆಟ್ಟದಾಗಿ ಮಾಡುತ್ತದೆ. ಆಮೆಯ ಗತಿಯಲ್ಲಿ ತೆವಳುವಾಗ ಗಾಳಿಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿರಬೇಕಾಗುವುದರಿಂದ, ಪಿಸ್ಟನ್ನುಗಳು ಅರೆಮುಚ್ಚಿದ ಬಾಗಿಲ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಏಗುತ್ತವೆ. ಸಿಲಿಂಡರಿನ ಘರ್ಷಣೆಯಂತೂ ಕೆಲಸ ಸಣ್ಣದೆಂದು ಕಡಿಮೆಯಾಗುವುದಿಲ್ಲ. ನಿಂತಲ್ಲೇ ಓಡುವ ಎಂಜಿನ್ನಿನ ಕ್ಷಮತೆಯಂತೂ ಶುದ್ಧ ಸೊನ್ನೆ. ಅದೇ ಎಂಜಿನ್ನಿಗೆ ಮೈತುಂಬ ಕೆಲಸ ಕೊಟ್ಟರೆ ಶಾಖದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಚಕ್ರಕ್ಕೆ ತಲುಪಿಸಬಲ್ಲುದು.

ಹೈಬ್ರಿಡ್ ಮಾಡುವ ಉಪಾಯವೇ ಇದು: ಎಂಜಿನ್ನಿಗೆ ಸಣ್ಣ ಕೆಲಸ ಕೊಡದಿರುವುದು. ತೆವಳುವ ಕೆಲಸವೆಲ್ಲ ಮೋಟಾರಿನ ಪಾಲು. ಎಂಜಿನ್ನು ಎದ್ದಿತೆಂದರೆ ಗಾಡಿ ಎಳೆದು ಮಿಕ್ಕ ಬಲದಿಂದ ಬ್ಯಾಟರಿಯನ್ನೂ ತುಂಬಿ, ಮತ್ತೆ ಮಲಗುತ್ತದೆ. ಎಂಜಿನ್ನಿನ ಕಟ್ಟೋಣವೂ ಬೇರೆ. ಬ್ರಿಟನ್ನಿನ ಜೇಮ್ಸ್ ಆಟ್ಕಿನ್‌ಸನ್ 1882ರಲ್ಲಿ ತೋರಿಸಿದ ಕ್ರಮದಲ್ಲಿ, ಉರಿದ ಅನಿಲವು ಒತ್ತಲ್ಪಟ್ಟ ದೂರಕ್ಕಿಂತ ಹೆಚ್ಚು ದೂರ ಹಿಗ್ಗುತ್ತದೆ. ಆದ್ದರಿಂದ ಹೊಗೆಕೊಳವೆಯಿಂದ ಹಾಳಾಗಿ ಹೋಗುತ್ತಿದ್ದ ಬಲದಲ್ಲಿ ಸ್ವಲ್ಪ ಪಾಲು ಕೈಗೆ ಸಿಗುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಇದನ್ನು ಒಳಕವಾಟವನ್ನು ತಡವಾಗಿ ಮುಚ್ಚುವುದರಿಂದ ಸಾಧಿಸುತ್ತಾರೆ. ಈ ಎಂಜಿನ್ನಿನ ಕ್ಷಮತೆ ಶೇಕಡ 40ರ ವರೆಗೆ ಮುಟ್ಟುವುದೆಂದು ತಯಾರಕರ ಹೇಳಿಕೆ. ಇದಕ್ಕೆ ತೆರಬೇಕಾದ ಬೆಲೆ ಬಲದ ಕೊರತೆ: ಒಂದೂವರೆ ಲೀಟರಿನ ಹೈಬ್ರಿಡ್ ಎಂಜಿನ್ನಿಗೆ ಸುಮಾರು 92 ಅಶ್ವಶಕ್ತಿ, ಹೆಚ್ಚು ಕಡಮೆ ಅಷ್ಟೇ ಗಾತ್ರದ ಪೆಟ್ರೋಲ್ ಎಂಜಿನ್ನಿಗೆ 103. ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ.

ಇಬ್ಬರು ಎಳೆಯುವವರನ್ನು ಒಂದೇ ನೊಗಕ್ಕೆ ಕಟ್ಟುವ ಗೇರಿನ ಏರ್ಪಾಡಂತೂ ಬಹು ಸೊಗಸಾದುದು. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಹೊರಗೆ ಒಂದು ಬಳೆ. ಸೂರ್ಯನಿಗೆ ಡೈನಮೋ, ಗ್ರಹಗಳನ್ನು ಹಿಡಿದ ಚೌಕಟ್ಟಿಗೆ ಎಂಜಿನ್ನು, ಹೊರಬಳೆಗೆ ಗಾಡಿಯ ಚಕ್ರಗಳ ಸಂಬಂಧ. ಡೈನಮೋವಿನ ವೇಗವನ್ನು ಬದಲಾಯಿಸಿದರೆ ಸಾಕು, ಚಕ್ರದ ವೇಗ ಎಷ್ಟೇ ಇರಲಿ ಎಂಜಿನ್ನನ್ನು ತನಗೆ ಹಿತವಾದ ವೇಗದಲ್ಲಿ ಓಡಿಸಬಹುದು. ಕ್ಲಚ್ಚಿನ ಗೊಡವೆಯೇ ಇಲ್ಲ. ನಾನು ತರಗತಿಯಲ್ಲಿ ಇದನ್ನು ಎರಡು ಬಳೆ, ನಾಲ್ಕು ಲಿಂಬೆಹಣ್ಣುಗಳಿಂದ ತೋರಿಸಲು ಹೋಗಿ ನಗೆಪಾಟಲಾದುದುಂಟು.

ಇನ್ನು ಬ್ಯಾಟರಿ. ಹೈಬ್ರಿಡ್ ಎಂದೊಡನೆ ಜನ ದೊಡ್ಡ ಬ್ಯಾಟರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಇದರಲ್ಲಿರುವುದು 0.76 ಕಿಲೋವಾಟ್‌ಗಂಟೆಯ ಲಿಥಿಯಮ್ ಬ್ಯಾಟರಿ. ಮನೆಯ ಮೀಟರಿನಲ್ಲಿ ಒಂದು ಯೂನಿಟ್ಟೂ ಆಗದಷ್ಟು! ಅದರ ಪೂರ್ತಿ ಶಕ್ತಿಯನ್ನು ಶಾಖದ ಲೆಕ್ಕದಲ್ಲಿ ತೂಗಿದರೆ 90 ಮಿಲಿಲೀಟರ್ ಪೆಟ್ರೋಲಿಗೆ ಸಮ; ಒಂದು ಲೋಟ ಕಾಫಿಯಷ್ಟು. ಬ್ಯಾಂಕಿನವರಾದ ಭಾವನವರಿಗೆ ನಾನು ಹೇಳಿದ್ದು ಹೀಗೆ: "ಇದು ಠೇವಣಿಯಲ್ಲ ಭಾವ, ಚಿಲ್ಲರೆ ಹಾಕುವ ಜೇಬು. ತುಂಬುತ್ತಲೂ ಖಾಲಿಯಾಗುತ್ತಲೂ ಇರುವುದೇ ಅದರ ಕೆಲಸ."

ಜೇಬು ಚಿಕ್ಕದೆಂಬುದು ನನ್ನ ದಾರಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಾನು ತಾಯಿಯವರನ್ನು ನೋಡಲು ತಿಂಗಳಿಗೆರಡು ಬಾರಿ ಹಾಸನದಿಂದ ಪುತ್ತೂರಿಗೆ ಶಿರಾಡಿ ಘಾಟಿಯಲ್ಲಿ ಇಳಿಯುತ್ತೇನೆ. ಸಕಲೇಶಪುರದಿಂದ ಗುಂಡ್ಯದವರೆಗಿನ ಇಳಿತ ಸುಮಾರು 800 ಮೀಟರ್. ನಮ್ಮ ಕಾರು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 1 ಕೋಟಿ 10 ಲಕ್ಷ ಜೂಲ್. ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಟೈರಿನ ಮತ್ತು ಗಾಳಿಯ ತಡೆಗೆ 60 ಲಕ್ಷ ಹೋಗಲಿ. ಉಳಿದ 50 ಲಕ್ಷ ಜೂಲ್ ಬ್ರೇಕಿನ ಪಾಲು. ಬ್ಯಾಟರಿಯ ಪೂರ್ತಿ ಹೊಟ್ಟೆಯೇ 27 ಲಕ್ಷ. ಅದರ ಬಾಳಿಕೆಗಾಗಿ ಒಂದಂಶವನ್ನು ಮಾತ್ರ ಬಳಸುವಂತೆ ಏರ್ಪಡಿಸಿರುತ್ತಾರೆ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರ ಬಳಿ ಈ ಹೈಬ್ರಿಡ್ಡೇ ಇದೆ. ಅವರೊಡನೆ ಹೋದಾಗ ನೋಡಿದೆ: ಘಾಟಿಯನ್ನು ಅರ್ಧ ಇಳಿಯುವ ಮೊದಲೇ ಬ್ಯಾಟರಿಯ ಗುರುತು ಮೇಲೇರಿ ನಿಂತಿತು. ಆಮೇಲೆ ಎಂಜಿನ್ನು ಪೆಟ್ರೋಲಿಲ್ಲದೆ ಗಿರ್ರನೆ ತಿರುಗುತ್ತ ಗಾಡಿಯನ್ನು ತಡೆಯತೊಡಗಿತು. ಆ ಸದ್ದಿಗೆ ಹೊಸಬರು ಹೆದರುತ್ತಾರೆ, ಹೆದರಬೇಕಾದುದಿಲ್ಲ.

ಹೆದ್ದಾರಿಯಲ್ಲಿಯಂತೂ ಬ್ರೇಕೇ ಇಲ್ಲ, ತೆವಳುವುದೂ ಇಲ್ಲ. ಗಂಟೆಗೆ 90 ಕಿಲೋಮೀಟರಿನ ಸಮವೇಗಕ್ಕೆ ಈ ಆಕಾರದ ಗಾಡಿಗೆ ಬೇಕಾಗುವುದು ಸುಮಾರು 15 ಅಶ್ವಶಕ್ತಿ. ಅದರಲ್ಲಿ ಹತ್ತಕ್ಕೆ ಏಳು ಪಾಲು ಗಾಳಿಯನ್ನು ಸೀಳುವುದಕ್ಕೆ. ಗಾಳಿಗೆ ಮೋಟಾರಿನ ಭೇದವಿಲ್ಲ. ಎಂಜಿನ್ನಿನ ಹೆಚ್ಚಿನ ಕ್ಷಮತೆಯಷ್ಟೇ ಅಲ್ಲಿ ಹೈಬ್ರಿಡ್ಡಿಗೆ ಉಳಿಯುವ ಲಾಭ. ವೇಗವನ್ನು 120ಕ್ಕೆ ಏರಿಸಿದರೆ ತಡೆ ಒಂದೂವರೆ ಪಟ್ಟು ಆಗಿ, ಯಾವ ಕಾರಿನ ಪುಸ್ತಿಕೆಯ ಅಂಕಿಯೂ ನೆಲೆ ನಿಲ್ಲದು.

ಮಿತ್ರರ ದಿನಚರಿ ಪುಸ್ತಕದ ಪ್ರಕಾರ ಅವರ ಹೈಬ್ರಿಡ್ ಊರೊಳಗೂ ಹೆದ್ದಾರಿಯಲ್ಲೂ ಲೀಟರಿಗೆ ಸುಮಾರು 21 ಕಿಲೋಮೀಟರ್ ಕೊಡುತ್ತಿದೆ. ಭಾವನವರ ಹಳೆಯ ಕಾರು ಬೆಂಗಳೂರಿನಲ್ಲಿ 11 ಕೊಡುತ್ತಿತ್ತು. ಹೊಸ ಪೆಟ್ರೋಲ್ ಕಾರು ಸಿಗ್ನಲ್ಲಿನಲ್ಲಿ ತಾನೇ ನಿಲ್ಲುವುದರಿಂದ 12 ಕೊಟ್ಟೀತೆಂದು ಇಟ್ಟುಕೊಂಡೆವು. ನನ್ನ ದಾರಿಯಲ್ಲಿ ಪೆಟ್ರೋಲ್ ಕಾರು 17 ಕೊಡುತ್ತದೆ.

ಇಲ್ಲಿ ಮೈಲೇಜೆಂಬ ಅಂಕಿ ಮಾಡುವ ಒಂದು ಕಣ್ಕಟ್ಟನ್ನು ಹೇಳಬೇಕು. 10ರಿಂದ 15ಕ್ಕೆ ಏರುವುದು ಹೆಚ್ಚೋ, 20ರಿಂದ 28ಕ್ಕೆ ಏರುವುದು ಹೆಚ್ಚೋ? ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಎರಡನೆಯದೆನ್ನುತ್ತಾರೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರೆಂದು ನೋಡಿ: ಮೊದಲನೆಯದು ಹತ್ತರಿಂದ 6.7ಕ್ಕೆ ಇಳಿದು 3.3 ಲೀಟರ್ ಉಳಿಸಿತು. ಎರಡನೆಯದು ಐದರಿಂದ 3.6ಕ್ಕೆ ಇಳಿದು ಕೇವಲ 1.4 ಲೀಟರ್. ಎಲ್ಲಿ ಮೈಲೇಜು ತೀರ ಕೆಟ್ಟಿದೆಯೋ ಅಲ್ಲಿಯೇ ಸುಧಾರಣೆಗೆ ಬೆಲೆ.

ಈಗ ಹಣ. ಲೀಟರಿಗೆ 103 ರೂಪಾಯಿ ಹಿಡಿಯೋಣ. ಭಾವನವರು ವರ್ಷಕ್ಕೆ 12,000 ಕಿಲೋಮೀಟರ್ ಊರೊಳಗೆ ಓಡಿಸುತ್ತಾರೆ. ಪೆಟ್ರೋಲ್ ಕಾರಿಗೆ 1,000 ಲೀಟರ್, ಹೈಬ್ರಿಡ್ಡಿಗೆ 571. ಉಳಿತಾಯ 44,000 ರೂಪಾಯಿಗೆ ಸ್ವಲ್ಪ ಮೇಲೆ. ಮೂರು ಲಕ್ಷ ತೀರಲು ಏಳು ವರ್ಷಕ್ಕೆ ಎರಡು ತಿಂಗಳು ಕಡಿಮೆ. ನಾನು ವರ್ಷಕ್ಕೆ 10,000 ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸುತ್ತೇನೆ. ನನ್ನ ಉಳಿತಾಯ ವರ್ಷಕ್ಕೆ 11,500. ಅದೇ ಮೂರು ಲಕ್ಷ ತೀರಲು ಇಪ್ಪತ್ತಾರು ವರ್ಷ! ನಾನು ನಿವೃತ್ತನಾದರೂ ಅದು ತೀರಿರುವುದೋ ಇಲ್ಲವೋ.

"ಏಳು ವರ್ಷವಾದರೆ ಸರಿಹೋಯಿತಲ್ಲ, ಬ್ಯಾಟರಿಗೆ ಎಂಟು ವರ್ಷದ ವಾರಂಟಿಯೂ ಇದೆ" ಎಂದರು ಭಾವನವರು. ನಾನು, "ಆ ಮೂರು ಲಕ್ಷವನ್ನು ಸಾಲದಲ್ಲಿ ತರುತ್ತೀರಲ್ಲ ಭಾವ, ಬಡ್ಡಿ ಯಾರು ಕೊಡುತ್ತಾರೆ?" ಎಂದೆ. ದಿನವೂ ಸಾಲ ಕೊಡುವವರು ತಮ್ಮ ಮನೆಯ ಸಾಲದ ಬಡ್ಡಿಯನ್ನು ಮರೆತಿದ್ದರು. ಶೇಕಡ 9ರಂತೆ ಮೊದಲ ವರ್ಷದ ಬಡ್ಡಿಯೇ 27,000. ಉಳಿತಾಯದಲ್ಲಿ ಮೊದಲು ಬಡ್ಡಿ ತೀರಿಸಿ, ಮಿಕ್ಕುದನ್ನು ಅಸಲಿಗೆ ಕಟ್ಟುತ್ತ ಹೋದರೆ ಏಳು ವರ್ಷ ಹೋಗಿ ಹನ್ನೊಂದಕ್ಕೆ ಮುಟ್ಟುತ್ತದೆ. ಪೆಟ್ರೋಲಿನ ಬೆಲೆ ಏರಿದರೆ ಅವಧಿ ಕಡಿಮೆಯಾದೀತು. ಕಾರನ್ನು ಮಾರುವಾಗಲೂ ಹೈಬ್ರಿಡ್ಡಿಗೆ ಒಂದಿಷ್ಟು ಹೆಚ್ಚು ಸಿಕ್ಕೀತು. ಆದರೂ ನಿವೃತ್ತಿಯಾಚೆಗೆ ಹೋಗುವ ಲೆಕ್ಕವದು.

ಹಣದಾಚೆಗೂ ಮಾತುಗಳುಂಟು. ಬಿಸಿಲಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಪೆಟ್ರೋಲ್ ಕಾರಿನ ತಂಪುಯಂತ್ರ ಎಂಜಿನ್ನಿನೊಡನೆ ನಿಲ್ಲುತ್ತದೆ. ಹೈಬ್ರಿಡ್ಡಿನದು ವಿದ್ಯುತ್ತಿನಿಂದ ನಡೆಯುವುದರಿಂದ ನಿಲ್ಲದು. ಬ್ರೇಕಿನ ಸವೆತ ಕಡಿಮೆ, ಓಟ ನಿಶ್ಶಬ್ದ. ಭಾವನವರ ಲೆಕ್ಕದಲ್ಲಿ ವರ್ಷಕ್ಕೆ ಒಂದು ಟನ್ನಿಗೆ ಸ್ವಲ್ಪ ಕಡಿಮೆ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುವುದು ತಪ್ಪುತ್ತದೆ. ಪ್ರತಿಯಾಗಿ, ಬ್ಯಾಟರಿ ಹಿಂಬದಿಯಲ್ಲಿ ಕುಳಿತಿರುವುದರಿಂದ ಸಾಮಾನಿಡುವ ಜಾಗ ಸುಮಾರು ನೂರು ಲೀಟರಿನಷ್ಟು ಕುಗ್ಗಿದೆ. ಊರಿನಿಂದ ಅಕ್ಕಿಮೂಟೆ, ತೆಂಗಿನಕಾಯಿ ತುಂಬಿಕೊಂಡು ಹೋಗುವ ನಮ್ಮಂತಹವರಿಗೆ ಇದು ಪುಸ್ತಿಕೆಯ ಮೂಲೆಯ ವಿಷಯವಲ್ಲ.

ತೆರಿಗೆಯ ಮಾತೂ ಇದೆ. 2024ರ ಜುಲೈಯಲ್ಲಿ ಉತ್ತರ ಪ್ರದೇಶ ಸರ್ಕಾರವು ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಬಿಟ್ಟುಕೊಟ್ಟಿತು. ಅಂತಹ ಕಡೆ ಲೆಕ್ಕವೇ ಬೇರೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಲ್ಲಿ ನಾಲ್ಕು ಮೀಟರಿಗಿಂತ ಉದ್ದವಾದ ಈ ಎರಡು ಕಾರುಗಳಿಗೂ ಶೇಕಡ 40 ತೆರಿಗೆ. ಆದರೆ ನಾಲ್ಕು ಮೀಟರಿನೊಳಗೆ, 1,200 ಸಿ.ಸಿ.ಯೊಳಗೆ ಇರುವ ಪೆಟ್ರೋಲ್ ಕಾರಿಗೆ ಶೇಕಡ 18 ಮಾತ್ರ. ಈ ಮೂರನೆಯ ದಾರಿಯ ಪುಸ್ತಿಕೆಯನ್ನು ಭಾವನವರು ತಂದೇ ಇರಲಿಲ್ಲ.

ಎಣಿಕೆಯ ದಿನದ ರಾತ್ರಿ ಅಕ್ಕ ದೂರವಾಣಿಯಲ್ಲಿ ಮಾತನಾಡಿದಳು. "ನೂರೊಂದು ಬೀಜ ಎಣಿಸಿ ನನಗೆ ಸೊಂಟ ಹಿಡಿದುಕೊಂಡಿತು ಕಣೋ. ಕೆಂಗೇರಿಯಲ್ಲೂ ಮೆಟ್ರೋ ಇದೆ, ಇಂದಿರಾನಗರದಲ್ಲೂ ಇದೆ. ಒಂದೇ ನೇರಳೆ ಗೆರೆ. ಇವರು ಯಾಕೆ ಕಾರಿನಲ್ಲಿ ಹೋಗಬೇಕು?" ಎಂದಳು. ಕೆಂಗೇರಿಗೆ ಮೆಟ್ರೋ ಬಂದದ್ದು 2021ರಲ್ಲಿ. ಮೂರು ದಿನ ಕಾಗದದ ಮೇಲೆ ಜೂಲುಗಳನ್ನು ಎಣಿಸಿದ ನನಗಾಗಲಿ, ಭಾವನವರಿಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ.

ಊರೊಳಗಿನ ಆ 12,000 ಕಿಲೋಮೀಟರ್ ಹೋದರೆ ಭಾವನವರ ಕಾರಿಗೆ ಉಳಿಯುವುದು ವಾರದ ಕೊನೆಯ ಓಡಾಟ, ವರ್ಷಕ್ಕೆ ನಾಲ್ಕು ಬಾರಿ ಹಾಸನ. ಹೈಬ್ರಿಡ್ಡಿನ ಮೂರು ಲಕ್ಷ ತೀರುವ ದಾರಿಯೇ ಕಾಣದು. ಅವರು ಈಗ ವಾರಕ್ಕೆ ನಾಲ್ಕು ದಿನ ಮೆಟ್ರೋದಲ್ಲಿ ಕಚೇರಿಗೆ ಹೋಗುತ್ತಿದ್ದಾರೆ; ಚಿಕ್ಕದೊಂದು ಪೆಟ್ರೋಲ್ ಕಾರಿಗೆ ಮುಂಗಡ ಕೊಟ್ಟಿದ್ದಾರೆ. ದಿನವಿಡೀ ಊರೊಳಗೆ ಟ್ಯಾಕ್ಸಿ ಓಡಿಸುವ ಅವರ ಪಕ್ಕದ ಮನೆಯವರು ವರ್ಷಕ್ಕೆ 40,000 ಕಿಲೋಮೀಟರಿನ ಲೆಕ್ಕ ತಂದು ತೋರಿಸಿದಾಗ ಮಾತ್ರ ನಾನು ಹಿಂದುಮುಂದು ನೋಡದೆ ಹೈಬ್ರಿಡ್ ಎಂದೆ. ಅವರಿಗೆ ಬಡ್ಡಿಯೂ ಸೇರಿ ಎರಡೂವರೆ ವರ್ಷದೊಳಗೆ ಹಣ ಹಿಂದೆ ಬರುತ್ತದೆ.